ತಲೆಕೆಳಗಾದ ಸ್ಟಾಫ್

(ಡಿಪ್ಲೊಮಾ ಹುಡುಗರ ಸರ್ವೆ ಕ್ಯಾಂಪ್. ನೆಲದ ಏರುತಗ್ಗು ಅಳೆಯುವ ದೂರದರ್ಶಕ, ಹಳೆಯ ಡಂಪಿ ಲೆವೆಲ್. ಐವತ್ತು ಮೀಟರ್ ಆಚೆ ಬಿಸಿಲಲ್ಲಿ ಹುಡುಗನೊಬ್ಬ ಸ್ಟಾಫ್, ಅಂದರೆ ಅಳತೆಯ ಕೋಲು, ಹಿಡಿದಿದ್ದಾನೆ. ಈ ಮಾತು ಮುಗಿಯುವವರೆಗೂ ಅವನು ನಿಂತೇ ಇರಬೇಕು, ಪಾಪ.)

ವಿದ್ಯಾರ್ಥಿನಿ: ಸರ್, ಸ್ಟಾಫ್ ತಲೆಕೆಳಗಾಗಿ ಕಾಣ್ತಿದೆ.

ಮೇಷ್ಟ್ರು: ಇದರಲ್ಲಿ ಹಾಗೇ ಕಾಣೋದು. ಬಿಂಬ ಇರೋದು ಹೊಲದಲ್ಲಿ. ನೀನು ಓದ್ತಿರೋದು ಕೊಳವೆಯೊಳಗಿನ ಪ್ರತಿಬಿಂಬ.

ವಿದ್ಯಾರ್ಥಿನಿ: ಒಳಗೆ ಪರದೆಯೇ ಇಲ್ಲ. ಎಲ್ಲಿ ನಿಲ್ಲುತ್ತೆ ಅದು?

ಮೇಷ್ಟ್ರು: ಗಾಳಿಯಲ್ಲೇ. ಸ್ಟಾಫಿನ ಒಂದು ಚುಕ್ಕೆಯಿಂದ ಹೊರಟ ಬೆಳಕು ಮುಂದಿನ ಮಸೂರದ ಮೈತುಂಬ ಬೀಳುತ್ತೆ. ಮಸೂರ ಅದನ್ನೆಲ್ಲ ಬಾಗಿಸಿ ಮತ್ತೆ ಒಂದೇ ಚುಕ್ಕೆಗೆ ಕೂಡಿಸುತ್ತೆ.

ವಿದ್ಯಾರ್ಥಿನಿ: ಯಾರೂ ನೋಡದಿದ್ದರೂ?

ಮೇಷ್ಟ್ರು: ಬೆಳಕಿಗೆ ನಿನ್ನ ಅಪ್ಪಣೆ ಬೇಕಾ? ಲೆಕ್ಕ ಹಾಕು. ಸಂಗಮ ದೂರ 200 ಮಿ.ಮೀ., ಸ್ಟಾಫ್ 50 ಮೀಟರ್.

ವಿದ್ಯಾರ್ಥಿನಿ: ಮಸೂರದಿಂದ 200.8 ಮಿ.ಮೀ. ಹಿಂದೆ. ಸ್ಟಾಫನ್ನ 10 ಮೀಟರಿಗೆ ತಂದರೆ 204.1. ಅವನು ಅಷ್ಟು ದೂರ ನಡೆದು ಬಂದರೂ ಇಲ್ಲಿ ಸರಿಯೋದು ಮೂರು ಚಿಲ್ಲರೆ ಮಿ.ಮೀ.!

ಮೇಷ್ಟ್ರು: ಫೋಕಸ್ ತಿರುಪು ಇರೋದೇ ಆ ಚಿಲ್ಲರೆಗೆ. 50 ಮೀಟರಿನಲ್ಲಿ ಒಂದು ಮೀಟರ್ ಸ್ಟಾಫ್ ಇಲ್ಲಿ 4 ಮಿ.ಮೀ.ಗೆ ಇಳಿದಿರುತ್ತೆ. ಅದರ ಮೇಲೆ ಗೆರೆ ಎಳೀಬೇಕು ಅಂತ ಹಿಂದಿನವರು ಜೇಡನ ಎಳೆ ಕಟ್ತಿದ್ರು.

ವಿದ್ಯಾರ್ಥಿನಿ: ಗೆಲಿಲಿಯೊ ದೂರದರ್ಶಕದಲ್ಲಿ ನೇರವಾಗೇ ಕಾಣ್ತಿತ್ತಂತೆ. ಅದನ್ನೇ ಹಾಕಬಹುದಿತ್ತಲ್ಲ?

ಮೇಷ್ಟ್ರು: ಅದರಲ್ಲಿ ಕಣ್ಣಿನ ಕಡೆ ಇರೋದು ನಿಮ್ನ ಮಸೂರ. ಬೆಳಕು ಕೂಡೋಕೆ ಮೊದಲೇ ಅಡ್ಡ ಬರುತ್ತೆ. ಪ್ರತಿಬಿಂಬ ಒಳಗೆಲ್ಲೂ ನೆಲೆ ನಿಲ್ಲಲ್ಲ, ಎಳೆ ಕಟ್ಟೋಕೆ ಜಾಗವಿಲ್ಲ. ನೋಡೋಕೆ ಚೆಂದ, ಅಳೆಯೋಕಾಗಲ್ಲ. 1611ರಲ್ಲಿ ಕೆಪ್ಲರ್ ಎರಡೂ ಕಡೆ ಪೀನ ಮಸೂರ ಇಡಬಹುದು ಅಂದ. ನೋಟ ತಲೆಕೆಳಗಾಯ್ತು, ಪ್ರತಿಬಿಂಬಕ್ಕೆ ಮನೆ ಸಿಕ್ತು. 1640ರ ಸುಮಾರಿಗೆ ಇಂಗ್ಲೆಂಡಿನ ವಿಲಿಯಂ ಗ್ಯಾಸ್ಕೊಯ್ನ್ ಆ ಮನೆಯಲ್ಲೇ ಎಳೆ ಕೂರಿಸಿದ.

ವಿದ್ಯಾರ್ಥಿನಿ: ಹಾಗಾದ್ರೆ ತಲೆಕೆಳಗಾಗಿರೋದು ಸುಳ್ಳಲ್ಲ.

ಮೇಷ್ಟ್ರು: ಸುಳ್ಳು ಬೇರೆ ಕಡೆ ಇದೆ. ಕಣ್ಣನ್ನ ತುಸು ಮೇಲೆ ಕೆಳಗೆ ಆಡಿಸಿ ನೋಡು.

ವಿದ್ಯಾರ್ಥಿನಿ: ಅಯ್ಯೋ, ಗೆರೆ ಜಾರ್ತಿದೆ! 1.432... ಈಗ 1.435. ಯಾವುದು ನಿಜ ಸರ್?

ಮೇಷ್ಟ್ರು: ಎರಡರಲ್ಲೂ ನಿನ್ನ ಕಣ್ಣಿನ ಪಾಲಿದೆ. ಪ್ರತಿಬಿಂಬಕ್ಕೂ ಎಳೆಗೂ ನಡುವೆ ಕೂದಲಷ್ಟು ಸಂದು ಉಳಿದಿದೆ. ಅದರಿಂದ ಗೆರೆ ಜಾರೋದೇ ಪ್ಯಾರಲ್ಯಾಕ್ಸ್. ಮೊದಲು ಮುಂದಿನ ಮಸೂರದ ಎದುರು ಬಿಳಿ ಕಾಗದ ಹಿಡಿದು, ಎಳೆ ಕಪ್ಪಗೆ ಕಾಣೋವರೆಗೂ ಕಣ್ಣಿನ ಕಡೆಯ ಐಪೀಸ್ ತಿರುಗಿಸು. ಆಮೇಲೆ ಫೋಕಸ್.

ವಿದ್ಯಾರ್ಥಿನಿ: ನನ್ನ ನಂತರ ಕನ್ನಡಕದವನು ಬಂದರೆ?

ಮೇಷ್ಟ್ರು: ಐಪೀಸ್ ಅವನೂ ತಿರುಗಿಸಿಕೊಳ್ಳಲಿ. ಸ್ಟಾಫಿನ ಲೆಕ್ಕ ಅವನಿಗೂ ನಿನಗೂ ಒಂದೇ ಬರಬೇಕು.

ವಿದ್ಯಾರ್ಥಿನಿ (ತಿರುಗಿಸಿ, ತಲೆ ಆಡಿಸುತ್ತಾ): ಈಗ ಅಲುಗ್ತಿಲ್ಲ. 1.434.

ಮೇಷ್ಟ್ರು: ಬರ್ಕೋ. ಅವನಿಗೆ ನೆರಳಿಗೆ ಹೋಗು ಅಂತ ಕೈ ತೋರಿಸು.