ಅಭಿಪ್ರಾಯದ ಕೂಲಿ

ಸಿರುಗುಪ್ಪದಲ್ಲಿರುವ ನನ್ನ ತಂಗಿಯ ಮಗ ಬಿ.ಕಾಂ. ಮುಗಿಸಿ ಅಲ್ಲಿನ ಒಂದು ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಾನೆ. ಕಳೆದ ರಮಝಾನಿನಲ್ಲಿ ಬಳ್ಳಾರಿಗೆ ಬಂದಿದ್ದ. ತರಾವೀಹ್ ಮುಗಿಸಿ ಮನೆಗೆ ನಡೆದು ಬರುತ್ತಿರುವಾಗ ಒಮ್ಮೆಲೆ ಕೇಳಿದ: "ಮಾಮಾ, ಯಾರಿಗೂ ನಷ್ಟವಾಗದಂಥ ಸುಳ್ಳು ಹೇಳಿ ಸಂಪಾದಿಸಿದರೆ ಆ ಹಣ ಹಲಾಲೋ ಹರಾಮೋ?"

ವಿಷಯ ಇಷ್ಟೆ. ಅವನು ಬಿಡುವಿನ ವೇಳೆಯಲ್ಲಿ ಮೊಬೈಲಿನಲ್ಲಿ ಸಮೀಕ್ಷೆಗಳಿಗೆ ಉತ್ತರ ತುಂಬುತ್ತಾನೆ. ಯಾವ ಸೋಪು ಬಳಸುತ್ತೀರಿ, ಯಾವ ಜಾಹೀರಾತು ನೋಡಿದ್ದೀರಿ ಎಂಬಂಥ ಪ್ರಶ್ನೆಗಳು. ಉತ್ತರಕ್ಕೆ ಅಂಕ, ಅಂಕ ಕೂಡಿದರೆ ಖರೀದಿ ಕೂಪನ್. ಮೊದಲ ಎರಡು ವಾರ ಅವನು ಇದ್ದದ್ದನ್ನು ಇದ್ದ ಹಾಗೆ ಬರೆದ. ಊರು ಸಿರುಗುಪ್ಪ, ವಯಸ್ಸು ಇಪ್ಪತ್ತಮೂರು, ಕಾರಿಲ್ಲ, ಕ್ರೆಡಿಟ್ ಕಾರ್ಡಿಲ್ಲ. ನಾಲ್ಕು ಪ್ರಶ್ನೆ ದಾಟುವಷ್ಟರಲ್ಲಿ "ಕ್ಷಮಿಸಿ, ಈ ಸಮೀಕ್ಷೆಗೆ ನೀವು ಅರ್ಹರಲ್ಲ" ಎಂದು ಬಾಗಿಲು ಮುಚ್ಚುತ್ತಿತ್ತು. ಕೆಲವೊಮ್ಮೆ ಹತ್ತು ನಿಮಿಷ ಉತ್ತರಿಸಿದ ಮೇಲೂ ಅದೇ ಮಾತು, ಕೂಲಿ ಸೊನ್ನೆ. ಕೊನೆಗೆ ಕುರುಗೋಡಿನಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ಗೆಳೆಯನೊಬ್ಬ ಗೆಲ್ಲುವ ಉಪಾಯ ಹೇಳಿಕೊಟ್ಟ. ಬೆಂಗಳೂರಿನವನೆಂದು ಬರೆ, ವಯಸ್ಸು ಮೂವತ್ನಾಲ್ಕು, ಸಂಬಳ ಲಕ್ಷದ ಮೇಲೆ, ಒಂದು ಕಾರು, ಇಬ್ಬರು ಮಕ್ಕಳು. ಬಾಗಿಲು ತೆರೆಯಿತು. ಒಂದೇ ತಿಂಗಳಲ್ಲಿ ಆರುನೂರು ರೂಪಾಯಿಯ ಕೂಪನ್ ಬಂತು.

ಇದೇ ದಂಧೆಯ ಹೆಸರಿನಲ್ಲಿ ನಡೆದ ನೇರ ಮೋಸ ಬೇರೆಯೇ ಇದೆ. 2010-11ರಲ್ಲಿ ಸಿಂಗಾಪುರ ಮೂಲದ 'ಸ್ಪೀಕ್ ಏಷ್ಯಾ ಆನ್‌ಲೈನ್' ದೇಶದಾದ್ಯಂತ ಹಬ್ಬಿತ್ತು. 11,000 ರೂಪಾಯಿ ಕಟ್ಟಿ ಸದಸ್ಯರಾಗಿ, ವಾರಕ್ಕೆ ಎರಡು ಸಮೀಕ್ಷೆ ತುಂಬಿ, ವಾರಕ್ಕೆ 1,000 ರೂಪಾಯಿ ಗಳಿಸಿ ಎಂಬುದು ಅದರ ಆಹ್ವಾನ. ಹೊಸಬರನ್ನು ತಂದರೆ ಅದಕ್ಕೆ ಬೇರೆ ಹಣ. ಸುಮಾರು 24 ಲಕ್ಷ ಜನ ಸೇರಿದ್ದರೆಂದು ಆಗ ವರದಿಯಾಯಿತು. 11,000 ಕೊಟ್ಟವನಿಗೆ ವರ್ಷಕ್ಕೆ 52,000 ಎಲ್ಲಿಂದ ಬರುತ್ತದೆ ಎಂದು ಕೂಡಿಸಿ ಕಳೆದು ನೋಡಿದವರು ಕಡಿಮೆ. ಅದು ತನ್ನ ಗಿರಾಕಿಗಳೆಂದು ಹೇಳಿಕೊಂಡಿದ್ದ ದೊಡ್ಡ ಕಂಪನಿಗಳು ನಮಗೂ ಇದಕ್ಕೂ ಸಂಬಂಧವಿಲ್ಲ ಎಂದವು. 2011ರ ಮೇ ಹೊತ್ತಿಗೆ ಪಾವತಿ ನಿಂತು ಕಂಪನಿ ಕುಸಿಯಿತು, ತನಿಖೆ ಶುರುವಾಯಿತು. ಕೂಲಿಗೆ ಕರೆದವನು ಕೂಲಿಯವನಿಂದಲೇ ಹಣ ಕೇಳಿದರೆ ಅದು ಕೂಲಿಯಲ್ಲ. ಇಷ್ಟು ತಿಳಿದುಕೊಂಡರೆ ಆ ಬಲೆಯಿಂದ ಪಾರಾಗಬಹುದು. ಅದರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ.

ನನ್ನ ಸೋದರಳಿಯನ ಪ್ರಶ್ನೆ ಇದಕ್ಕಿಂತ ಕಷ್ಟದ್ದು. ಅವನಿಂದ ಯಾರೂ ಪ್ರವೇಶ ಶುಲ್ಕ ಕೇಳಿರಲಿಲ್ಲ, ಹೇಳಿದ ಕೂಪನನ್ನೂ ಕೊಟ್ಟರು. ಇಲ್ಲಿ ಸುಳ್ಳು ಹೇಳಿದವನು ಅವನೇ.

ಅವನ ವಾದವನ್ನು ಸುಲಭವಾಗಿ ತಳ್ಳಿಹಾಕಲಾಗದು. ಕಾರು ಮಾರುವವನು ಕಾರಿದ್ದವನ ಅಭಿಪ್ರಾಯವನ್ನೇ ಕೇಳಲಿ, ಅದು ಅವನ ಹಕ್ಕು. ಆದರೆ ಅದನ್ನು ಮೊದಲ ಪ್ರಶ್ನೆಯಲ್ಲೇ ಕೇಳಿ ಕಳುಹಿಸಬಹುದಲ್ಲ? ಹತ್ತು ನಿಮಿಷ ದುಡಿಸಿಕೊಂಡು ಬರಿಗೈಯಲ್ಲಿ ಕಳಿಸುವುದು ಯಾವ ನ್ಯಾಯ? ಬೆವರು ಆರುವ ಮುನ್ನ ಕೂಲಿ ಕೊಡಿ ಎಂಬ ಬೋಧನೆಯನ್ನು ಕೇಳುತ್ತಾ ಬೆಳೆದ ಹುಡುಗನಿಗೆ ಸಿಟ್ಟು ಬಂದರೆ ತಪ್ಪೇನು? "ಅವರು ಮೊದಲು ಮೋಸ ಮಾಡಿದರು, ನಾನು ವಸೂಲಿ ಮಾಡಿಕೊಂಡೆ" ಎಂದ. ಆ ಹತ್ತು ನಿಮಿಷಗಳ ಬಾಕಿ ನಿಜವಾದ ಬಾಕಿ ಎಂದೇ ನಾನೂ ಒಪ್ಪುತ್ತೇನೆ. ಆದರೆ ಬಾಕಿ ಇಟ್ಟವನೊಬ್ಬ, ಸುಳ್ಳು ಉತ್ತರವನ್ನು ದುಡ್ಡು ಕೊಟ್ಟು ಕೊಂಡವನು ಇನ್ನೊಬ್ಬನಾಗಿದ್ದರೆ? ವಸೂಲಿ ಯಾರಿಂದ ಆಯಿತು?

ಅವನಿಗೆ ಅವನ ಮಿಲ್ಲಿನ ಮಾತನ್ನೇ ಹೇಳಿದೆ. ಲಾರಿ ಬಂದಾಗ ಚೀಲಕ್ಕೆ ಕೊಳವೆ ಚುಚ್ಚಿ ಒಂದು ಹಿಡಿ ಭತ್ತ ತೆಗೆದು ತೇವಾಂಶ ನೋಡುತ್ತಾರೆ. ಸರ್ಕಾರಿ ಖರೀದಿಯಲ್ಲಾದರೆ ಶೇ. 17 ಮೀರುವಂತಿಲ್ಲ. ಪ್ರವಾದಿಯವರು(ಸ) ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿದ ಪ್ರಸಂಗ ನಮಗೆಲ್ಲ ಗೊತ್ತು. ಮೇಲೆ ಒಣಗಿದ್ದು, ಒಳಗೆ ಒದ್ದೆ. ಮಳೆಗೆ ನೆನೆಯಿತು ಎಂದ ವ್ಯಾಪಾರಿ. ಹಾಗಿದ್ದರೆ ಜನರಿಗೆ ಕಾಣುವಂತೆ ಅದನ್ನು ಮೇಲೆ ಏಕೆ ಇಡಲಿಲ್ಲ ಎಂದು ಅವರು ಕೇಳಿದರು. ಮಳೆ ಬಂದದ್ದು ವ್ಯಾಪಾರಿಯ ತಪ್ಪಲ್ಲ, ಮುಚ್ಚಿಟ್ಟದ್ದು ತಪ್ಪು. ಸಮೀಕ್ಷೆಯ ಉತ್ತರವೂ ಒಂದು ರಾಶಿಯೇ. ವ್ಯತ್ಯಾಸವೇನೆಂದರೆ ಕೊಳ್ಳುವವನಿಗೆ ಅದರೊಳಗೆ ಕೈ ಹಾಕಿ ನೋಡಲು ಸಾಧ್ಯವಾಗುವುದು ಬಹಳ ಅಪರೂಪ.

ಅಪರೂಪಕ್ಕೆ ಕೈ ಹಾಕಿದಾಗ ಸಿಕ್ಕಿದ್ದೇನು? ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2022ರಲ್ಲಿ ಒಂದು ಪರೀಕ್ಷೆ ಮಾಡಿತು. ಯಾರು ಬೇಕಾದರೂ ಸೇರಬಹುದಾದ ಇಂಥದೇ ಆನ್‌ಲೈನ್ ಸಮೀಕ್ಷೆಯಲ್ಲಿ, ಪರಮಾಣು ಜಲಾಂತರ್ಗಾಮಿ ನಡೆಸಲು ನಿಮಗೆ ಪರವಾನಗಿ ಇದೆಯೇ ಎಂದು ಕೇಳಿತು. ಮೂವತ್ತು ತುಂಬದವರೆಂದು ಹೇಳಿಕೊಂಡವರಲ್ಲಿ ಶೇ. 12 ಮಂದಿ 'ಇದೆ' ಎಂದರು! ನಮ್ಮ ಹುಡುಗ ಬೆಂಗಳೂರಿನ ಕಾರಿನಲ್ಲಷ್ಟೇ ಕೂತಿದ್ದ, ಅವರು ಸಮುದ್ರದಡಿಗೇ ಇಳಿದಿದ್ದರು. ಇದನ್ನು ಹೇಳಿದಾಗ ಅವನು ನಕ್ಕ. ನಾನೂ ನಕ್ಕೆ.

ಆದರೆ ಆಮೇಲೆ ಅವನು ಹೇಳಿದ ಒಂದು ಸಂಗತಿ ನನ್ನನ್ನು ಇಂದಿಗೂ ಬಿಟ್ಟಿಲ್ಲ. ಒಂದು ಸಮೀಕ್ಷೆ ಜೀನ್ಸ್ ಪ್ಯಾಂಟಿನ ಬಗ್ಗೆ ಇತ್ತಂತೆ. ಬಳ್ಳಾರಿ ಜೀನ್ಸಿನ ಊರು. ಕಾಲೇಜಿನ ದಿನಗಳಲ್ಲಿ ಇವನು ಕೌಲ್ ಬಜಾರಿನ ಒಂದು ಘಟಕದಲ್ಲಿ ಸಂಜೆ ಹೊತ್ತು ದುಡಿದವನು. ಯಾವ ಹೊಲಿಗೆ ಎಷ್ಟು ಒಗೆತಕ್ಕೆ ಬಿಡುತ್ತದೆ, ಯಾವ ಬಣ್ಣ ನಿಲ್ಲುತ್ತದೆ, ಬಡವರ ಮನೆಯ ಹುಡುಗ ವರ್ಷಕ್ಕೊಂದೇ ಪ್ಯಾಂಟು ಕೊಳ್ಳುವಾಗ ಏನನ್ನು ನೋಡುತ್ತಾನೆ, ಎಲ್ಲವೂ ಅವನಿಗೆ ಬೆರಳ ತುದಿಯಲ್ಲಿದೆ. ಅಷ್ಟು ತಿಳಿದವನು ಆ ದಿನ ಬರೆದದ್ದು, "ಮಾಲ್‌ನಲ್ಲಿ ಕೊಳ್ಳುತ್ತೇನೆ, ಬೆಲೆ ಮುಖ್ಯವಲ್ಲ" ಎಂದು.

ಯಾರಿಗೂ ನಷ್ಟವಿಲ್ಲ ಎಂದವನಿಗೆ ಇದು ನಷ್ಟವಾಗಿ ಕಾಣಲಿಲ್ಲವೇ? ಸಿರುಗುಪ್ಪದ ಹುಡುಗರು ಬೆಂಗಳೂರಿಗರಾಗಿ, ಕುರುಗೋಡಿನವರು ಹೈದರಾಬಾದಿನವರಾಗಿ ಉತ್ತರಿಸುತ್ತಾ ಹೋದರೆ ಆ ಲೆಕ್ಕದಲ್ಲಿ ಸಿರುಗುಪ್ಪ ಇರುವುದೇ ಇಲ್ಲ. ಬೆಲೆ ಮುಖ್ಯವೆಂದು ಹೇಳಬೇಕಾದವನೇ ಮುಖ್ಯವಲ್ಲ ಎಂದ ಮೇಲೆ ನಾಳೆ ಬೆಲೆ ಏರಿದಾಗ ಯಾರನ್ನು ದೂರುವುದು? ಇದ್ದದ್ದನ್ನೇ ಬರೆದರೆ ಒಳಗೇ ಬಿಡುವುದಿಲ್ಲವಲ್ಲ ಎಂದು ಅವನು ಕೇಳಿದ್ದಕ್ಕೆ ನನ್ನ ಬಳಿ ಪೂರ್ತಿ ಉತ್ತರವಿಲ್ಲ. ಬಿಡದವರ ತಪ್ಪು ಅವರ ಲೆಕ್ಕಕ್ಕೆ ಸೇರಲಿ ಎನ್ನಬಲ್ಲೆ, ಅಷ್ಟೆ.

ನಾನು ಶಾಲಾ ಶಿಕ್ಷಕ. 2025ರ ಸೆಪ್ಟೆಂಬರಿನಲ್ಲಿ ಶುರುವಾದ ರಾಜ್ಯದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆ ನನ್ನನ್ನೂ ಹಾಕಿದ್ದರು. 60 ಪ್ರಶ್ನೆಗಳು. ಉತ್ತರಿಸಲೇಬೇಕೆಂಬ ಕಡ್ಡಾಯವಿಲ್ಲವೆಂದು ಹೈಕೋರ್ಟ್ ಹೇಳಿತ್ತು. ಒಬ್ಬ ವೃದ್ಧೆ ಬಾಗಿಲಲ್ಲೇ ನಿಲ್ಲಿಸಿ, "ಹೇಳಿದರೆ ನಮಗೇನು ಕೊಡ್ತೀರಿ?" ಎಂದು ಕೇಳಿದಳು. ಏನೂ ಇಲ್ಲಮ್ಮ ಎಂದೆ. ಸ್ವಲ್ಪ ಹೊತ್ತು ನನ್ನ ಮುಖ ನೋಡಿ, ಸ್ಟೂಲು ತಂದಿಟ್ಟು ಎಲ್ಲವನ್ನೂ ಹೇಳಿದಳು. ಮಗ ಓದು ಬಿಟ್ಟದ್ದು, ತೀರದ ಸಾಲ, ಸೊಸೆ ಜೇಬಿನ ಲೆಕ್ಕದಲ್ಲಿ ಹೊಲಿಯುವುದು. ನಡುವೆ ಒಮ್ಮೆ ತನ್ನ ವಯಸ್ಸನ್ನು ತಪ್ಪು ಹೇಳಿದೆನೆಂದು ತಾನೇ ತಿದ್ದಿಸಿದಳು. ಆ ಉತ್ತರಗಳಿಂದ ಅವಳಿಗೆ ಏನಾದರೂ ದಕ್ಕುವುದೋ ಇಲ್ಲವೋ, ನಾನು ಹೇಳಲಾರೆ. ಸೋದರಳಿಯನಿಗೆ ಈ ಕತೆ ಹೇಳಿದಾಗ, "ಅವಳ ಮುಂದೆ ನೀವು ಕೂತಿದ್ದಿರಿ ಮಾಮಾ, ನನ್ನ ಮುಂದೆ ಬರೀ ಮೊಬೈಲು" ಎಂದ. ಅದೂ ನಿಜ. ಕೇಳುವ ಮುಖವೇ ಇಲ್ಲದ ಕಡೆ ಸುಳ್ಳು ಸುಳ್ಳೆಂದು ಅನಿಸುವುದೇ ಇಲ್ಲ.

ಈದ್‌ಗೆ ಮುಂಚೆ ಫೋನ್ ಮಾಡಿ ಹಳೆಯ ವಿವರ ಅಳಿಸಿದೆನೆಂದ. ಆರುನೂರು ರೂಪಾಯಿಯನ್ನು ಏನು ಮಾಡಲಿ ಎಂದು ಕೇಳಿದ. ಹಕ್ಕುದಾರನಿಗೆ ಮರಳಿಸಬೇಕು ಎಂದೆ. ಯಾವ ಕಂಪನಿಗಾಗಿ ಕೇಳಿದರೆಂಬುದೇ ಗೊತ್ತಿಲ್ಲ, ವಿಳಾಸವೂ ಇಲ್ಲ ಎಂದ. ಹಾಗಾದರೆ ಅಷ್ಟು ಹಣವನ್ನು ಯಾರಾದರೂ ಬಡವರಿಗೆ ಕೊಡು, ಪುಣ್ಯದ ಆಸೆಯಿಂದಲ್ಲ, ನಿನ್ನದಲ್ಲ ಎಂಬ ಕಾರಣಕ್ಕೆ ಎಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಕೂಪನಿನಲ್ಲಿ ಆಗಲೇ ತಂಗಿಗೆ ಚಪ್ಪಲಿ ತರಿಸಿದ್ದನಂತೆ. ಮುಂದಿನ ಸಂಬಳ ಬರಲಿ, ನೋಡುತ್ತೇನೆ ಎಂದ.