ಅಜ್ಜಿಯ ಚುಕ್ಕಿ

ಅಜ್ಜಿ ತೀರಿಕೊಂಡ ಮೂರನೆಯ ದಿನ, ವಿಜಯನಗರದ ನಮ್ಮ ಮನೆಯಲ್ಲಿ ಚಿಕ್ಕಮ್ಮ ಪಕ್ಕಕ್ಕೆ ಬಂದು ಕೂತರು. 'ಗೋಡೆಗೆ ಹಾಕೋ ಫೋಟೋ ಅಲ್ವಾ, ಸ್ವಲ್ಪ ಬೆಳ್ಳಗೆ ಮಾಡು. ಕೆನ್ನೆ ಮೇಲಿನ ಮಚ್ಚೆನೂ ತೆಗಿ' ಎಂದರು. ಬೇಡ ಎನ್ನಲು ಬಾಯಿ ಬರಲಿಲ್ಲ. ಹಿಂದಿನ ಯುಗಾದಿಗೆ ನಾನೇ ತೆಗೆದಿದ್ದ ಚಿತ್ರವನ್ನು ಡಾರ್ಕ್‌ಟೇಬಲ್‌ನಲ್ಲಿ ತೆರೆದೆ.

2009ರಲ್ಲಿ ಶುರುವಾದ ಈ ಮುಕ್ತ ತಂತ್ರಾಂಶಕ್ಕೆ ದುಡ್ಡು ಕೊಡಬೇಕಿಲ್ಲ. ಸಂಶೋಧನಾ ವಿದ್ಯಾರ್ಥಿಯ ಜೇಬಿಗೆ ಹೇಳಿ ಮಾಡಿಸಿದ್ದು. ಕ್ಯಾಮೆರಾ ಕೊಟ್ಟ ಮೂಲ ಕಡತವನ್ನು ಅದು ಮುಟ್ಟುವುದೇ ಇಲ್ಲ. ಬೆಳಕು ಹೆಚ್ಚಿಸಿದ್ದು, ಮಚ್ಚೆ ಅಳಿಸಿದ್ದು ಎಲ್ಲವೂ ಪಕ್ಕದ ಪುಟ್ಟ ಎಕ್ಸ್‌ಎಂಪಿ ಕಡತದಲ್ಲಿ ಸೂಚನೆಗಳಾಗಿ ಉಳಿಯುತ್ತವೆ. ಬೇಡವೆನಿಸಿದರೆ ಮೊದಲಿನಲ್ಲಿಗೇ ಮರಳಬಹುದು. ಅಂದು ರಾತ್ರಿ ನನ್ನ ಸಮಾಧಾನವೂ ಅದೇ: ಅಜ್ಜಿ ಇದ್ದ ಹಾಗೆಯೇ ಇದ್ದಾಳೆ.

ಮನೆಯ ಪುಟ್ಟ ಹುಡುಗಿ ಮಾತ್ರ ಫೋಟೋ ನೋಡಿ 'ಅಜ್ಜಿ ಚುಕ್ಕಿ ಎಲ್ಲಿ?' ಎಂದು ಕೇಳುತ್ತಿದ್ದಳು. ವರ್ಷ ಕಳೆಯಿತು. ಈಗ ಕೇಳುವುದಿಲ್ಲ. ಮೊನ್ನೆ ಅವಳು ಬಿಡಿಸಿದ ಅಜ್ಜಿಯ ಕೆನ್ನೆಯಲ್ಲಿ ಚುಕ್ಕಿಯೇ ಇರಲಿಲ್ಲ.

ನನ್ನ ಕಂಪ್ಯೂಟರಿನಲ್ಲಿ ಯಾವುದೂ ನಾಶವಾಗಿಲ್ಲ, ನಿಜ. ಆದರೆ ಆ ಮಗುವಿನ ನೆನಪಿಗೆ ಪಕ್ಕದ ಕಡತವಿಲ್ಲ. ಮೂಲ ನನ್ನ ಬಳಿ ಭದ್ರವಾಗಿದೆ ಎನ್ನುವುದರಿಂದ, ನೋಡುವವರಿಗೆ ನಾನು ಸಲ್ಲಿಸಬೇಕಾದ ಋಣ ತೀರುತ್ತದೆಯೇ?

ನಾನು ಓದುತ್ತಿರುವುದು ಗ್ರಂಥ ಸಂಪಾದನೆ. ಪಂಪನ ಕೈಬರಹದ ಓಲೆ ನಮಗೆ ಉಳಿದಿಲ್ಲ; ಇರುವುದೆಲ್ಲ ಪ್ರತಿಗಳ ಪ್ರತಿ. ಡಿ.ಎಲ್. ನರಸಿಂಹಾಚಾರ್ಯರಂಥ ಸಂಪಾದಕರು ಇಂಥ ಪ್ರತಿಗಳಲ್ಲಿ ಒಂದು ಪಾಠವನ್ನು ಆರಿಸಿ ಮೇಲಿಟ್ಟರು, ಬಿಟ್ಟ ಪಾಠಾಂತರಗಳನ್ನು ಅದೇ ಪುಟದ ಅಡಿಯಲ್ಲಿ ಕೊಟ್ಟರು. ಓದುವವನು ಕಣ್ಣು ಕೆಳಗಿಳಿಸಿದರೆ ಸಾಕು, ಸಂಪಾದಕರನ್ನು ಒಪ್ಪದಿರುವ ಹಕ್ಕು ಅವನಿಗೆ ಸಿಗುತ್ತದೆ. ಓಲೆಗಳೆಲ್ಲ ನನ್ನ ಪೆಟ್ಟಿಗೆಯಲ್ಲಿವೆ, ನಂಬಿ ಎಂದು ಅವರು ಹೇಳಲಿಲ್ಲ.

ಫೋಟೋದಲ್ಲೂ ಆರಿಸದೆ ವಿಧಿಯಿಲ್ಲ. ಕ್ಯಾಮೆರಾದ ಕಚ್ಚಾ ಕಡತ ಕೂಡ ಬೆಳಕು ಬಣ್ಣಗಳನ್ನು ಯಾರಾದರೂ ನಿರ್ಧರಿಸುವವರೆಗೆ ಚಿತ್ರವಾಗುವುದಿಲ್ಲ. ತಿದ್ದಿದ್ದಕ್ಕೆ ನನಗೆ ಅಷ್ಟು ಬೇಸರವಿಲ್ಲ. ತಿದ್ದಿದ್ದು ನನಗೆ ಮಾತ್ರ ಗೊತ್ತಿರುವ ಹಾಗೆ ಮಾಡಿದೆನಲ್ಲ, ಅದು ಚುಚ್ಚುತ್ತದೆ. ಕಪ್ಪು ಮೈಬಣ್ಣ ಮುಚ್ಚಿಡಬೇಕಾದ ಸಂಗತಿ ಎಂದು ಮಗುವಿಗೆ ಮಾತಿಲ್ಲದೆ ಕಲಿಸಿದವನೂ ನಾನೇ.

ಕಳೆದ ವಾರ ಮಚ್ಚೆ ಇರುವ, ಬೆಳ್ಳಗಾಗದ ಅಜ್ಜಿಯನ್ನು ಅಂಚೆ ಕಾರ್ಡಿನಷ್ಟು ಅಳತೆಯಲ್ಲಿ ಪ್ರಿಂಟ್ ಹಾಕಿಸಿ ಅದೇ ಚೌಕಟ್ಟಿನ ಕೆಳಮೂಲೆಗೆ ಸಿಕ್ಕಿಸಿದೆ. ಚಿಕ್ಕಮ್ಮ ನೋಡಿದರು, ಏನೂ ಅನ್ನಲಿಲ್ಲ. ಬೆಳಿಗ್ಗೆ ಹೂವಿಡುವಾಗ ಮಾತ್ರ, ಆ ಪುಟ್ಟ ಮುಖ ಮುಚ್ಚದ ಹಾಗೆ ದಂಡೆಯನ್ನು ಒಂದಿಷ್ಟು ಸರಿಸುತ್ತಾರೆ.