ಗಂಗೆಯ ಮೇಲಿನ ಊಟ, ಹಾಡು

ಕಾಶಿಯಲ್ಲಿ ಸಂಜೆಯ ದೋಣಿವಿಹಾರದ ಊಟ, ಸಂಗೀತ ಗಂಗೆಗೆ ಅಪಚಾರವೆನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಹೋಳಿಯ ನಂತರದ ಬುಢ್ವಾ ಮಂಗಲ್ ಉತ್ಸವದಲ್ಲಿ ಸಿಂಗರಿಸಿದ ದೋಣಿಗಳ ಮೇಲೆ ಠುಮ್ರಿ, ಚೈತಿ ಹಾಡಿಸಿ ಕೇಳುವುದು ಆ ಊರಿನ ಹಳೆಯ ರೂಢಿ. ಬಿಸ್ಮಿಲ್ಲಾ ಖಾನರು ಶಹನಾಯಿಯ ಸಾಧನೆ ಮಾಡಿದ್ದು ದಡದ ಬಾಲಾಜಿ ಮಂದಿರದಲ್ಲಿ. ಅನ್ನವನ್ನೂ ನಾದವನ್ನೂ ಬ್ರಹ್ಮವೆಂದ ಪರಂಪರೆ ಸಂತೋಷವನ್ನು ಭಕ್ತಿಯ ಹಗೆಯೆಂದು ಎಣಿಸಲಾರದು. ಆದರೆ ಶವದಹನದ ಘಾಟಾದ ಮಣಿಕರ್ಣಿಕೆಯಲ್ಲಿ ಚಿತೆ ಉರಿಯುವಾಗ ಎದುರಲ್ಲೇ ತಟ್ಟೆ ಹಿಡಿದು ಕೂರುವುದು ಸರಿಯೇ? ಈ ಆಕ್ಷೇಪ ಗಟ್ಟಿಯಾದುದು. ಸಾವಿನ ಪಕ್ಕದಲ್ಲೇ ಬದುಕು ನಡೆಯುವುದು ಕಾಶಿಗೆ ಸಹಜ, ನಿಜ. ಆದರೂ ಇನ್ನೊಬ್ಬರ ದುಃಖ ನಮ್ಮ ಊಟದ ಹೊತ್ತಿನ ನೋಟವಾಗಬಾರದು. ಆ ಘಾಟಿನ ಮುಂದೆಯೂ ಧ್ವನಿವರ್ಧಕ ತಗ್ಗಿಸದಿರುವುದು, ಫೋಟೋ ತೆಗೆಯುವುದು, ಎಂಜಲನ್ನು ನೀರಿಗೆಸೆಯುವುದು: ಅಪಚಾರವೆಂದರೆ ಇವು. ದೋಣಿ ಹತ್ತುವವರು ಆ ಘಾಟನ್ನು ದಾಟುವಷ್ಟು ಹೊತ್ತು ಸಂಗೀತ ನಿಲ್ಲಿಸಿರೆಂದು ದಯವಿಟ್ಟು ಕೇಳಿ.